ನಿಂತಿದ್ದನ್ನೆಲ್ಲ ಗುಡಿಸಲು ಹೊರಟ ಮಂಜ

ಸ್ನೇಹಿತರೇ, ಇವತ್ತಿನ ಖರ್ಚು: ಅರ್ಧ ದಿನ, ತಣ್ಣಗಾದ ಬಿಸಿಬೇಳೆಬಾತು, ಎತ್ತಲಾಗದೆ ಬಿಟ್ಟ ಫೋನುಗಳು.

ಕತ್ರಿಗುಪ್ಪೆಯಲ್ಲಿ ನಾನೂ ಪಾಲುದಾರ ಮಂಜನೂ ಅಡುಗೆ ಕಾಂಟ್ರಾಕ್ಟರುಗಳ ಆರ್ಡರ್ ಹಿಡಿಯುವ ಆ್ಯಪ್ ನಡೆಸುತ್ತೇವೆ. ಬೆಳಿಗ್ಗೆ ಸರ್ವರ್‌ನ ಡಿಸ್ಕ್ ತುಂಬಿ ಎಲ್ಲವೂ ನಿಂತಿತು. ನಾಳೆಯ ಮದುವೆಗಳ ಆರ್ಡರೆಲ್ಲ ಅದರೊಳಗೇ. ಜಾಗ ತಿಂದವರಾರೆಂದು ನೋಡಿದರೆ, ಆ್ಯಪ್ ಬದಲಿಸಿದಾಗಲೆಲ್ಲ ಉಳಿದುಹೋದ ಹಳೆಯ ಕಂಟೇನರ್ ಇಮೇಜುಗಳು, ಅಂದರೆ ಆ್ಯಪ್‌ನ ಹಿಂದಿನ ಆವೃತ್ತಿಗಳ ಪ್ರತಿಗಳು.

"ಬೇಡದ್ದನ್ನೆಲ್ಲ ಒಂದೇ ಕಮಾಂಡಲ್ಲಿ ಗುಡಿಸಿಬಿಡ್ತೀನಿ ಮಗಾ," ಎಂದ ಮಂಜ. ಬೆರಳು ಆಗಲೇ ಎಂಟರ್ ಮೇಲಿತ್ತು.

"ತಡಿಯೋ. ಬೇಡ ಅಂತ ಅದಕ್ಕೆ ಹೇಗೆ ಗೊತ್ತಾಗತ್ತೆ?"

"ಈಗ ಓಡದೆ ನಿಂತಿರೋದೆಲ್ಲ ಬೇಡದ್ದೇ ಅಂತ. ಅದರ ಡೇಟಾನೂ ಸೇರಿ ಹೋಗತ್ತೆ."

"ಲೋ, ಡಿಸ್ಕ್ ತುಂಬಿ ಆರ್ಡರೆಲ್ಲ ಇರೋ ನಮ್ಮ ಡೇಟಾಬೇಸೂ ನಿಂತಿದೆಯಲ್ಲೋ!"

ಬಿಸಿ ಕಾವಲಿ ಮುಟ್ಟಿದವನಂತೆ ಮಂಜ ಕೈ ಎಳೆದುಕೊಂಡ.

"ಬ್ಯಾಕಪ್ ಎಲ್ಲಿದೆ?" ಎಂದೆ.

"ಅದೂ... ಇದೇ ಡಿಸ್ಕಲ್ಲಿ."

ಆಮೇಲೆ ಹಳೆಯ ಇಮೇಜುಗಳನ್ನಷ್ಟೇ ಹೆಸರು ಓದಿ ಓದಿ, ಒಂದೊಂದಾಗಿ ಅಳಿಸಿದೆವು. ಡೇಟಾಬೇಸ್ ಮತ್ತೆ ಎದ್ದಿತು. ಆರ್ಡರುಗಳೆಲ್ಲ ಇದ್ದಲ್ಲೇ ಇದ್ದವು.

ಯಾರಿಗೇನು ದಕ್ಕಿತು? ಸರ್ವರ್‌ಗೆ ಜಾಗ, ಅಡುಗೆಯವರಿಗೆ ಕೆಲಸ, ಮದುವೆಯವರಿಗೆ ಊಟ. ನನಗೆ ದಕ್ಕಿದ್ದು ಮಂಜನ ಒಂದು ಮಾತು: "ನೀನು ಸುಮ್‌ಸುಮ್ನೆ ಟೆನ್ಷನ್ ತಗೋತೀಯ ಗುರು."