ನೀಲಿ ಬೀದಿಯ ಹೆಪ್ಪು

ಅವರ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಸದಾ ನೀಲಿ ಬಣ್ಣ. ಸೋಪು, ಸೀಗೆಪುಡಿ ಯಾವುದಕ್ಕೂ ಹೋಗದು. ಮಂಡ್ಯದಲ್ಲಿ ನಮ್ಮ ಪಕ್ಕದ ಮನೆಯ ಮಾವ ನಗರ ಯೋಜನೆಯ ಕಚೇರಿಯಲ್ಲಿ ನಕ್ಷೆ ಬರೆಯುವವರು. ಯಾವ ಬೀದಿಯಲ್ಲಿ ಮನೆ ಇರಬೇಕು, ಯಾವುದರಲ್ಲಿ ಅಂಗಡಿ ಏಳಬಹುದು ಎಂದು ಮೇಲಿನವರು ತೀರ್ಮಾನಿಸಿದರೆ ಬಣ್ಣ ತುಂಬುವುದು ಇವರ ಕೆಲಸ. ಮನೆಗೆ ಹಳದಿ, ಅಂಗಡಿಗೆ ನೀಲಿ. ಕಂಪ್ಯೂಟರ್ ಬಂದಮೇಲೂ ಗೋಡೆಗೆ ಹಾಕುವ ನಕ್ಷೆಗೆ ಇವರದೇ ಕೈ ಬೇಕಿತ್ತು.

ಮದುವೆಯಾಗದ ಮನುಷ್ಯ, ಅಡುಗೆಯೂ ತಮ್ಮದೇ. ದಿನಾ ಸಂಜೆ ಕಾಂಪೌಂಡ್ ಗೋಡೆಯ ಆಚೆ ಸ್ಟೀಲ್ ಲೋಟ ಹಿಡಿದು ನಿಲ್ಲುತ್ತಿದ್ದರು. "ಒಸಿ ಎಪ್ಪು ಕೊಡವ್ವ." ನಾಳೆಗೊಂದು ಚಮಚ ಮೊಸರು ಉಳಿಸಿಕೊಳ್ಳಬಾರದೇ ಎಂದು ಅವ್ವ ಬೈಯುತ್ತಲೇ ಹಾಕುತ್ತಿದ್ದಳು. ಆಮೇಲೆ ಅರ್ಧ ಗಂಟೆ ಗೋಡೆಯ ಮೇಲೆ ಮಾತು. ಅವರು ಬೇಕೆಂದೇ ಮೊಸರು ಖಾಲಿ ಮಾಡುತ್ತಿದ್ದರೆಂದು ನನಗೆ ಹೊಳೆದದ್ದು ತೀರಾ ತಡವಾಗಿ.

ಒಮ್ಮೆ ನಮ್ಮ ಬೀದಿಗೇ ನೀಲಿ ಬಂತು. ತಮ್ಮ ಮನೆಯ ಮೇಲೂ ಅವರೇ ಬಳಿದರು. ಆಕ್ಷೇಪಣೆ ಇದ್ದವರು ತಿಂಗಳೊಳಗೆ ಬರೆದುಕೊಡಬೇಕೆಂದು ಪ್ರಕಟಣೆ ಹೊರಟಿತು. ಬೆಲೆ ಏರುತ್ತದೆಂಬ ಖುಷಿಯಲ್ಲಿ ಯಾರೂ ಕೊಡಲಿಲ್ಲ, ನಮ್ಮಪ್ಪನೂ ಕೊಡಲಿಲ್ಲ. ಮಾವ ಮಾತ್ರ ಅರ್ಜಿ ಬರೆದು ಜೇಬಿನಲ್ಲಿಟ್ಟುಕೊಂಡು ಓಡಾಡಿದರು. ಕೊನೆಯ ದಿನ ಏನಾಯಿತೆಂದು ಕೇಳಿದೆ.

"ನಾನೇ ಬಳ್ದಿರೋ ನಕ್ಸೆಗೆ ನಾನೇ ತಕರಾರು ಕೊಡಾದು ಎಂಗಮ್ಮ? ಬುಡು."

ಒಂದೊಂದೇ ಮನೆ ಮೊಬೈಲ್ ಅಂಗಡಿಯಾಯಿತು, ಶೋರೂಮಾಯಿತು. ನಾವೂ ಮಾರಿ ಊರಾಚೆಯ ಬಡಾವಣೆಗೆ ಬಂದೆವು. ಆ ಬೀದಿಯಲ್ಲಿ ಒಲೆ ಹಚ್ಚುವವರು ಮಾವ ಒಬ್ಬರೇ ಉಳಿದರು. ಭಾನುವಾರ ಶಟರ್‌ಗಳೆಲ್ಲ ಮುಚ್ಚಿದರೆ ಮಾತಾಡಿಸಲು ನರಪಿಳ್ಳೆಯೂ ಇಲ್ಲ. ಅವತ್ತು ಅದೇ ಲೋಟ ಹಿಡಿದು, ಬಸ್ಸು ಹತ್ತಿ ನಮ್ಮ ಮನೆಗೆ ಬರುತ್ತಿದ್ದರು. ಬಸ್ಸು ಹತ್ತುವಲ್ಲೇ ಪ್ಯಾಕೆಟ್ ಮೊಸರು ಸಿಗುತ್ತಲ್ಲ ಮಾವ ಎಂದು ಒಮ್ಮೆ ರೇಗಿಸಿದೆ.

"ಪಾಕೀಟು ಕೊಟ್ಟೋನು ಉಂಡ್ಯಾ ಅಂತ ಕೇಳಾಕಿಲ್ಲ ಕಣಮ್ಮ" ಎಂದರು.

ಒಂದು ಭಾನುವಾರ ಬರಲಿಲ್ಲ. ತೆಗೆದಿಟ್ಟಿದ್ದ ಹೆಪ್ಪು ಹುಳಿಯಾಯಿತೆಂದು ಮರುದಿನ ಬೆಳಿಗ್ಗೆ ಚೆಲ್ಲಿದೆ. ಮಧ್ಯಾಹ್ನ ಮೊಬೈಲ್ ಅಂಗಡಿಯವರ ಫೋನು ಬಂತು. ಶನಿವಾರವೇ ಹೋಗಿಬಿಟ್ಟಿದ್ದರಂತೆ. ಭಾನುವಾರ ಅಲ್ಲಿ ಅವರ ಬಾಗಿಲು ತಟ್ಟಲು ಯಾರಿದ್ದರು? ನಾನಾದರೂ ಒಂದು ಫೋನು ಮಾಡಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

ಈ ವರ್ಷದ ಕರಡು ನಕ್ಷೆಯಲ್ಲಿ ನಮ್ಮ ಬಡಾವಣೆಯ ರಸ್ತೆಗೂ ನೀಲಿ ಬಂದಿದೆ. ಅಕ್ಕಪಕ್ಕದವರು ಸಿಹಿ ಹಂಚಿದರು. ನಾನು ಕಚೇರಿಗೆ ಹೋಗಿ ಆಕ್ಷೇಪಣೆ ಕೊಟ್ಟೆ. ಗುಮಾಸ್ತರು ಕಾರಣದ ಸಾಲನ್ನು ಎರಡು ಸಲ ಓದಿ ನನ್ನ ಮುಖ ನೋಡಿದರು. ಹೆಪ್ಪು ಕೇಳಲು ಪಕ್ಕದಲ್ಲೊಂದು ಮನೆ ಬೇಕು ಎಂದು ಬರೆದಿದ್ದೆ.