ಆಷಾಢಕ್ಕೆ ನಿಂತ ಅರ್ಜಿ

ನಮ್ಮ ಯಜಮಾನರು ಹದಿನಾಲ್ಕು ವರ್ಷ ಪರದೇಶದ ಹೋಟೆಲೊಂದರಲ್ಲಿ ಅಡುಗೆ ಮಾಡಿದರು. ಮಂಡಿ ಸವೆದ ಮೇಲೆ ಬೂಕನಕೆರೆ ಹತ್ತಿರದ ನಮ್ಮೂರಿಗೆ ಬಂದು ಎರಡು ಹಸು ಕಟ್ಟಿಕೊಂಡರು. ಸಂಬಳದಲ್ಲಿ ಹಿಡಿದ ನಿವೃತ್ತಿ ಹಣ ಪರದೇಶದಲ್ಲೇ ಉಳಿದಿತ್ತು.

ಆ ದೇಶ ಬಿಟ್ಟುಬಂದವರು ಹಣ ತೆಗೆದರೆ ನೂರಕ್ಕೆ ಮೂವತ್ತು ಅಲ್ಲೇ ತೆರಿಗೆ ಹಿಡಿಯುತ್ತಾರಂತೆ. ತಿಂಗಳಿಗಿಷ್ಟು ಎಂದು ಪಿಂಚಣಿಯಂತೆ ತೆಗೆದು, ಎರಡು ದೇಶಗಳ ಒಪ್ಪಂದದ ಫಾರಂ ಕೊಟ್ಟರೆ ಇಲ್ಲಿನ ತೆರಿಗೆ ಮಾತ್ರ ಎಂದು ಕೆ.ಆರ್. ಪೇಟೆಯ ಆಡಿಟರು ಹೇಳಿದ್ದರು. ಇವರು ಫಾರಂ ತುಂಬಿ, ಸಹಿ ಹಾಕಿ, ಪೋಸ್ಟಿಗೆ ಹೊರಟಿದ್ದರು.

"ಆಷಾಢ ಕಳೀಲಿ ಬುಡಿ. ಹೊಸಾ ಕೆಲ್ಸ, ಶ್ರಾವಣದಲ್ಲಿ ಕಳ್ಸಿದ್ರಾಯ್ತು" ಅಂದವಳು ನಾನು.

"ಆ ದೇಸದೋರ್ಗೆ ಆಷಾಢ ಎಲ್ಲಿ ಗೊತ್ತಾದದು?" ಎಂದು ನಕ್ಕರು. ಆದರೂ ನನ್ನ ಮಾತಿಗೆ ಕವರನ್ನು ಬೀರುವಿನಲ್ಲಿಟ್ಟರು.

ಭೀಮನ ಅಮಾವಾಸ್ಯೆಗೆ ನಾಲ್ಕು ದಿನವಿತ್ತು. ಡೇರಿಗೆ ಹಾಲು ಹಾಕಿ ಬಂದವರು ಜಗುಲಿಯ ಮೇಲೆ ಕುಳಿತರು. ಮತ್ತೆ ಏಳಲಿಲ್ಲ.

ತಿಥಿ ಮುಗಿದ ಮೇಲೆ ಅದೇ ಕವರು ಹಿಡಿದು ಆಡಿಟರ ಹತ್ತಿರ ಹೋದೆ. ಅವರು ಬಿಚ್ಚಿ ನೋಡಿ ಪಕ್ಕಕ್ಕಿಟ್ಟರು.

"ಇದಿನ್ನು ನಡಿಯಕ್ಕಿಲ್ಲ ಕಣಕ್ಕ. ವಾರಸುದಾರರು ಅಂತ ನೀವೇ ಹೊಸದಾಗಿ ಹಾಕ್ಬೇಕು. ಅಲ್ಲಿನ ತೆರಿಗೆ ನಂಬರ್ರು ನಿಮ್ಮೆಸ್ರಲ್ಲಿ ಬೇಕು. ಅದ್ಕೆ ಪಾಸ್‌ಪೋರ್ಟ್ ಬೇಕು."

"ಇಲ್ದಿದ್ರೆ?"

"ಮೂವತ್ತು ಹೋಯ್ತದೆ. ಅಲೆಯಕ್ಕಾಗಕ್ಕಿಲ್ಲ ಅಂದ್ರೆ ಬುಟ್ಬುಡಿ."

ಬಿಟ್ಟುಬಿಡೋಣವೆಂದೇ ಬಸ್ಸು ಹತ್ತಿದೆ. ಕುಳಿತ ಮೇಲೆ ಲೆಕ್ಕ ಹೊಳೆಯಿತು. ಹದಿನಾಲ್ಕರಲ್ಲಿ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಅವರು ಬರೀ ಆ ತೆರಿಗೆಗಾಗಿ ಒಲೆಯ ಮುಂದೆ ನಿಂತಂತಾಗುತ್ತದೆ. ಅಷ್ಟು ವರ್ಷ ನಾನೂ ಒಬ್ಬಳೇ ಇದ್ದೆ. ಅದನ್ನು ನನ್ನ ಒಂದು ಮಾತಿಗೆ ಕಳೆಯಲು ಮನಸ್ಸಾಗಲಿಲ್ಲ.

ಮೈಸೂರಿಗೆ ಹೋಗಿ ಪಾಸ್‌ಪೋರ್ಟಿಗೆ ಅರ್ಜಿ ಕೊಟ್ಟೆ. ವಿಚಾರಣೆಗೆ ಪೊಲೀಸಿನವನು ಮನೆಗೆ ಬಂದ.

"ಯಾವ ದೇಸಕ್ಕವ್ವಾ ಪಯಣ?"

"ಯಾವ ದೇಸಕ್ಕೂ ಇಲ್ಲ ಕಣಪ್ಪ."

"ಮತ್ಯಾಕೆ ಪಾಸ್‌ಪೋರ್ಟು, ಸೋಕಿಗಾ?"

ಬಾಗಿಲಲ್ಲಿದ್ದ ನನ್ನ ಓರಗಿತ್ತಿ, "ಮೈಸೂರ್ ಬಸ್ಸತ್ತುದ್ರೇ ವಾಂತಿ ಮಾಡ್ಕತಳೆ ಇವ್ಳು. ಅದ್ನೂ ಬರ್ಕೊ" ಅಂದಳು. ಅವನು ನಕ್ಕ. ನಾನೂ ನಕ್ಕೆ, ಹಾಗೆ ನಕ್ಕು ಎಷ್ಟೋ ದಿನವಾಗಿತ್ತು. ಆಮೇಲೆ ಮೊದಲಿಂದ ಎಲ್ಲವನ್ನೂ ಅವನಿಗೆ ಹೇಳಬೇಕಾಯಿತು. ಇವರು ಹೋದದ್ದನ್ನು ಎಷ್ಟು ಕಡೆ ಹೇಳಿದೆನೋ, ಹೇಳಿಯೇ ಸುಸ್ತಾಗಿದ್ದೆ.

ಪಾಸ್‌ಪೋರ್ಟು ಬಂತು. ಅದರ ನಕಲು ಸೇರಿಸಿ ತೆರಿಗೆ ನಂಬರಿಗೂ ಹಣಕ್ಕೂ ನನ್ನ ಹೆಸರಲ್ಲಿ ಅರ್ಜಿ ಕಳಿಸಿದೆ. ತಿಂಗಳುಗಟ್ಟಲೆ ಹಿಡಿಯುತ್ತದೆ ಎಂದಿದ್ದಾರೆ. ಅವರು ಪರದೇಶದಲ್ಲಿದ್ದಾಗಲೂ ಹೀಗೆ ಕಾದವಳೇ. ಆಗ ಕಡೆಗೆ ಮನುಷ್ಯ ಬಂದಿದ್ದರು. ಈಗ ಬರುವುದಾದರೆ ಹಣ.