ಒಂದು ಗುಂಡಿಗೆ ಒಂದೇ ಕೆಲಸ

ಜೀರಿಗೆ ಬೆಲ್ಲ. ಹನ್ನೊಂದು ಫೋಟೋ. ಹನ್ನೊಂದೂ ಮಸಕು. ದಿನಚರಿಯಲ್ಲಿ ಆ ಭಾನುವಾರದ ಪುಟದಲ್ಲಿ ನಾನು ಬರೆದಿರುವುದು ಇಷ್ಟೇ. ಆಮೇಲಿನ ಎಂಟು ತಿಂಗಳ ಪುಟಗಳೆಲ್ಲ ಈ ಒಂದು ಸಾಲಿಗೆ ಬರೆದ ಉತ್ತರ.

ವಾರದ ಆರು ದಿನ ನಾನು ಪಿಲ್ಲಗುಂಪೆಯ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ಪರೀಕ್ಷಿಸುತ್ತೇನೆ. ಮದುವೆಯಿದ್ದ ಭಾನುವಾರಗಳಲ್ಲಿ ಹೊಸಕೋಟೆಯ ಒಬ್ಬ ಸ್ಟುಡಿಯೋ ಮಾಲೀಕರ ಜೊತೆ ಫೋಟೋ ತೆಗೆಯಲು ಹೋಗುತ್ತಿದ್ದೆ. ಮದುಮಗಳು ಸಿಂಗಾರವಾಗುವ ಕೋಣೆಗೆ ಗಂಡಸರು ನುಗ್ಗುವಂತಿಲ್ಲವಲ್ಲ, ಅದಕ್ಕೆ ಅವರಿಗೊಬ್ಬಳು ಹುಡುಗಿ ಬೇಕಿತ್ತು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ.

ಆವತ್ತಿನ ಮದುವೆ ನಂದಗುಡಿಯಲ್ಲಿ, ನಮ್ಮ ಊರಿಗೆ ಎರಡೇ ಮೈಲಿ. ವಿಡಿಯೋದವನು ಕೈಕೊಟ್ಟಿದ್ದ. ಅಣ್ಣ ವಿಡಿಯೋ ಹಿಡಿದು, ತಮ್ಮ ಸ್ವಂತ ಕ್ಯಾಮೆರಾವನ್ನು ನನ್ನ ಕೊರಳಿಗೆ ಹಾಕಿದರು. ಗಂಡು ಹೆಣ್ಣಿನ ನಡುವೆ ತೆರೆ ಹಿಡಿದಿದ್ದರು. ಮಂತ್ರ ಮುಗಿಯಿತು, ತೆರೆ ಇಳಿಯಿತು, ಇಬ್ಬರೂ ಒಬ್ಬರ ತಲೆ ಮೇಲೊಬ್ಬರು ಜೀರಿಗೆ ಬೆಲ್ಲ ಹಾಕಿದರು. ತಾಳಿ ಕಟ್ಟುವುದನ್ನಾದರೆ "ಸ್ವಲ್ಪ ಹಂಗೇ ಹಿಡ್ಕೊಳಿ ಸಾರ್" ಎಂದು ನಿಲ್ಲಿಸಬಹುದು. ಇದನ್ನು ನಿಲ್ಲಿಸಲಾಗುವುದಿಲ್ಲ. ಮೊದಲ ಸಲ ಮುಖ ನೋಡಿದಾಗಿನ ನಗು ಮೂರು ಎಣಿಸುವಷ್ಟರಲ್ಲಿ ಮುಗಿದಿರುತ್ತದೆ. ನಾನು ಗುಂಡಿ ಒತ್ತಿದೆ. ಟಕಟಕ ಶಬ್ದ ಬಂತು. ಚಿತ್ರ ಮಾತ್ರ ಒಂದೂ ಸ್ಪಷ್ಟವಾಗಿ ಬರಲಿಲ್ಲ.

ಮದುಮಗಳ ತಂದೆ ಕ್ಯಾಮೆರಾದ ಪರದೆ ನೋಡಿದರು.

"ಏನಮ್ಮಾ, ಈಗ ಇನ್ನೊಂದ್ಸಲ ತೆರೆ ಹಿಡಿಸ್ಲಾ?"

ಅಣ್ಣ ನನ್ನ ಮುಖವನ್ನೂ ನೋಡದೆ ಜೋರಾಗಿ ಹೇಳಿದರು: "ಹೆಣ್ಣುಮಕ್ಕಳ ಕೈಗೆ ಮಷೀನ್ ಕೊಟ್ರೆ ಇಷ್ಟೇ ಯಜಮಾನ್ರೇ. ತಪ್ಪು ನಂದೇ, ಕೊಡಬಾರದಿತ್ತು."

ಅದೇ ಸಂಜೆ ಸ್ಟುಡಿಯೋದಲ್ಲಿ ಕೂತು ಕ್ಯಾಮೆರಾದ ಮೆನು ತಡಕಿದೆ. ಸಾಮಾನ್ಯವಾಗಿ ಚಿತ್ರ ತೆಗೆಯುವ ಗುಂಡಿಯನ್ನು ಅರ್ಧ ಒತ್ತಿದರೆ ಕ್ಯಾಮೆರಾ ಮುಖವನ್ನು ಫೋಕಸ್ ಮಾಡುತ್ತದೆ. ಅಣ್ಣ ಆ ಕೆಲಸವನ್ನು ಅಲ್ಲಿಂದ ತೆಗೆದು, ಹಿಂಬದಿಯಲ್ಲಿ ಹೆಬ್ಬೆರಳಿನ ಹತ್ತಿರದ ಇನ್ನೊಂದು ಗುಂಡಿಗೆ ಕೊಟ್ಟಿದ್ದರು. ಹೊರಗಿನಿಂದ ನೋಡಿದರೆ ಯಾವ ಗುರುತೂ ಇಲ್ಲ. ಕೇಳಿದೆ.

"ನನ್ ಕೈಗೆ ಹಂಗೇ ಅಭ್ಯಾಸ ಕಣೇ. ನೀನು ನೋಡ್ಕೋಬೇಕಿತ್ತು" ಎಂದರು.

ಒಂದು ವಾರದಲ್ಲಿ ಮಾತು ನಮ್ಮೂರು ಮುಟ್ಟಿತು. ಡೈರಿಗೆ ಹಾಲು ಹಾಕಲು ಹೋದರೆ ಹೆಂಗಸರು, "ನಮ್ದೂ ಒಂದು ಮಸಕು ಫೋಟೋ ತೆಗಿಯವ್ವ, ಸುಕ್ಕು ಕಾಣಲ್ಲ" ಎಂದು ನಗುತ್ತಿದ್ದರು. ಮೂರು ಮನೆಯವರು ಸ್ಟುಡಿಯೋಗೆ ಫೋನ್ ಮಾಡಿ, ಆ ಹುಡುಗಿ ಕ್ಯಾಮೆರಾ ಮುಟ್ಟಬಾರದು ಎಂದರಂತೆ. ನನಗೆ ಬೇಕಾಗಿದ್ದು ಒಂದೇ: ಅದೇ ನಂದಗುಡಿ ಮನೆಯವರ ಮುಂದೆ, ಅಣ್ಣನ ಅದೇ ಬಾಯಲ್ಲಿ, ತಪ್ಪು ಯಾರದೆಂದು ಹೇಳಿಸಬೇಕು. ಅದಕ್ಕೇ ಕೆಲಸ ಬಿಡಲಿಲ್ಲ. ಬಿಟ್ಟಿದ್ದರೆ ಅವರನ್ನು ಹತ್ತಿರದಿಂದ ನೋಡುವುದು ಹೇಗೆ?

ಕಾರ್ಖಾನೆಯಲ್ಲಿ ಒಂದು ಭಾಗ ಕೆಟ್ಟರೆ ನಮ್ಮ ತಪಾಸಣೆಯ ಹಾಳೆ ಮೊದಲು ಕೇಳುವುದು ಯಾರು ಕೆಡಿಸಿದರು ಎಂದಲ್ಲ, ಎಲ್ಲಿ ಕೆಟ್ಟಿತು ಎಂದು. ಅಲ್ಲಿ ತಗಡು ಒತ್ತುವ ಪ್ರೆಸ್ಸಿನಲ್ಲಿ ಮೂರು ಗುಂಡಿ. ಓಡಿಸಲು ಎರಡು ಹಸಿರು, ನಿಲ್ಲಿಸಲು ಒಂದು ಕೆಂಪು. ಯಾವ ಪಾಳಿಯಲ್ಲೂ ಕೆಂಪು ಗುಂಡಿ ಕೆಂಪು ಗುಂಡಿಯೇ. ಯಾರಿಗೋ ಅಭ್ಯಾಸವೆಂದು ಅದರ ಕೆಲಸ ಬದಲಾಗುವುದಿಲ್ಲ, ಬದಲಾಗಿದ್ದರೆ ನಮ್ಮಲ್ಲಿ ಎಷ್ಟೋ ಜನರಿಗೆ ಬೆರಳಿರುತ್ತಿರಲಿಲ್ಲ. ಅಣ್ಣನ ಕ್ಯಾಮೆರಾದಲ್ಲಿ ಎಣಿಸಿದೆ. ಹತ್ತೊಂಬತ್ತು ಗುಂಡಿ, ನಾಲ್ಕು ಚಕ್ರ. ಗುಂಡಿಗಳಲ್ಲಿ ಆರಕ್ಕೆ ಅವರೇ ಬೇರೆ ಕೆಲಸ ಹಚ್ಚಿದ್ದರು. ಅವುಗಳಲ್ಲಿ ಎರಡು ಏನು ಮಾಡುತ್ತವೆಂದು ಅವರಿಗೇ ಮರೆತಿತ್ತು.

ದಿನಚರಿಯ ಹಿಂದಿನ ಪುಟಗಳಲ್ಲಿ ಗೆರೆ ಎಳೆದು ಲೆಕ್ಕ ಇಡತೊಡಗಿದೆ. ದಿನ, ಛತ್ರ, ಯಾವ ಗುಂಡಿ, ಹೋದ ಚಿತ್ರವೆಷ್ಟು. ಅತಿ ಹೆಚ್ಚು ಗೆರೆ ಬಿದ್ದದ್ದು ಮೇಲಿನ ಚಕ್ರಕ್ಕೆ. ಅದರ ಮೂರನೇ ಗುರುತಿಗೆ ಅಣ್ಣ ಬಿಸಿಲಿನ ಅಳತೆಗಳನ್ನೆಲ್ಲ ತುಂಬಿಟ್ಟಿದ್ದರು. ಬಾಗಿಲಲ್ಲಿ ಗಂಡಿನ ಕಡೆಯವರನ್ನು ಎದುರುಗೊಳ್ಳುವಾಗ ಅಲ್ಲಿಗೆ ತಿರುಗಿಸುವರು, ಒಳಗೆ ಬಂದ ಮೇಲೆ ಹಿಂದಕ್ಕೆ ತಿರುಗಿಸಲು ಮರೆಯುವರು. ನೋಡುವ ಕಿಂಡಿಯಲ್ಲಿ ಕಣ್ಣಿಟ್ಟರೆ ಎಲ್ಲ ಬೆಳಕಾಗಿಯೇ ಕಾಣುತ್ತದೆ, ಚಿತ್ರ ಮಾತ್ರ ಕಗ್ಗತ್ತಲು. ಹದಿನಾಲ್ಕು ಸಲ ನಾನೇ "ಅಣ್ಣ, ಚಕ್ರ" ಎಂದು ನೆನಪಿಸಿದ್ದೇನೆ. ಹದಿನಾಲ್ಕು ಸಲವೂ "ಗೊತ್ತು ಕಣಮ್ಮ" ಎಂದು ರೇಗಿ, ತಿರುಗಿಸಿದ್ದಾರೆ.

ಈ ನಡುವೆ ಯಾರೋ ಬಳಸಿ ಬಿಟ್ಟ ಒಂದು ಡಿಜಿಟಲ್ ಕ್ಯಾಮೆರಾ ಕೊಂಡೆ. ಬೆಳಕಿನ ಕಿಂಡಿ ಎಷ್ಟು ತೆರೆಯಬೇಕು ಎನ್ನುವುದು ಲೆನ್ಸಿನ ಬಳೆಯ ಮೇಲೆ, ವೇಗ ತಲೆಯ ಮೇಲಿನ ಚಕ್ರದ ಮೇಲೆ, ಅಂಕಿಯಾಗಿ ಕೊರೆದಿದೆ. ಆಫ್ ಮಾಡಿ ಮೇಜಿನ ಮೇಲಿಟ್ಟರೂ ಯಾವುದು ಎಲ್ಲಿದೆಯೆಂದು ಕಣ್ಣಿಗೆ ಕಾಣುತ್ತದೆ. ಬೇಡದ ಐದು ಗುಂಡಿಗಳ ಮೇಲೆ ಕರೆಂಟಿನವರ ಕಪ್ಪು ಟೇಪು ಅಂಟಿಸಿದೆ. ಅಣ್ಣ ನೋಡಿ ಬಿದ್ದುಬಿದ್ದು ನಕ್ಕರು. "ಏನೇ ಇದು, ನಿಮ್ಮಜ್ಜನ ರೇಡಿಯೋನಾ? ಸ್ಟೇಷನ್ ಸಿಗುತ್ತಾ?"

"ಸಿಗುತ್ತೆ ಅಣ್ಣ" ಎಂದೆ.

ಎಂಟನೇ ತಿಂಗಳಲ್ಲಿ ಅದೇ ನಂದಗುಡಿ ಮನೆಯ ಎರಡನೇ ಮಗಳ ಮದುವೆ. ನನಗೆ ಸಿಕ್ಕ ಕೆಲಸ ಲೈಟಿನ ಸ್ಟ್ಯಾಂಡ್ ಹಿಡಿಯುವುದು. ಮದುಮಗಳ ತಂದೆ, ಯಜಮಾನರೇ ಬಂದು, "ಲೈಟ್ ಮಾತ್ರ ಕಣಮ್ಮಾ" ಎಂದು ಹೇಳಿ ಹೋದರು. ನನ್ನ ಕ್ಯಾಮೆರಾ ಕೊರಳಲ್ಲಿತ್ತು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಅಣ್ಣ ಬಾಗಿಲಿನ ಬಿಸಿಲಲ್ಲಿ ಬೀಗರ ಚಿತ್ರ ತೆಗೆದು, ಬೆವರು ಒರೆಸಿಕೊಳ್ಳುತ್ತ ಮಂಟಪಕ್ಕೆ ಬಂದರು. ಚಕ್ರ ಮೂರನೇ ಗುರುತಿನಲ್ಲೇ ಇತ್ತು. ನಾನು ನೋಡಿದೆ. ತೆರೆ ಹಿಡಿದರು. "ಅಣ್ಣ" ಎನ್ನುವಷ್ಟು ಸಮಯ ಧಾರಾಳವಾಗಿತ್ತು. ಅನ್ನಲಿಲ್ಲ.

ಸ್ಟ್ಯಾಂಡನ್ನು ಕಂಬಕ್ಕೆ ಒರಗಿಸಿ, ಲೆನ್ಸಿನ ಬಳೆ ತಿರುಗಿಸಿ, ವೇಗ ನೋಡಿಕೊಂಡು ನಿಂತೆ. ತೆರೆ ಇಳಿಯಿತು. ಆರು ಚಿತ್ರ.

ಅಕ್ಷತೆ ಬಿದ್ದು ಮುಗಿಯುತ್ತಿದ್ದಂತೆ ಯಜಮಾನರು, "ತೋರ್ಸಪ್ಪಾ, ಈ ಸಲ ಹೆಂಗ್ ಬಂದೈತೆ" ಎಂದು ಬಂದರು. ಅಣ್ಣ ಪರದೆ ನೋಡಿದರು. ಒತ್ತಿದರು, ಮತ್ತೆ ಒತ್ತಿದರು. ಎಲ್ಲ ಕಪ್ಪು.

"ಕಂಪ್ಯೂಟರಿಗೆ ಹಾಕಿದ್ರೆ ಬೆಳಕು ಬರುತ್ತೆ ಯಜಮಾನ್ರೇ."

"ಇದ್ದಿಲಿಗೆ ಬೆಳಕು ಬರ್ಸ್ತೀಯೇನಪ್ಪಾ?"

ಅಣ್ಣ ನನ್ನ ಕಡೆ ಸರಿದು ಮೆಲ್ಲಗೆ ಕೇಳಿದರು. "ನಿಂದ್ರಲ್ಲಿ ಏನಾದ್ರೂ ಬಂತಾ?"

"ಆರು ಬಂದಿದಾವೆ ಅಣ್ಣ. ಆರೂ ಚೆನ್ನಾಗಿದಾವೆ."

"ಕಾರ್ಡ್ ಕೊಡು."

"ದೊಡ್ಡ ಮಗಳ ಮದುವೇಲಿ ಏನಾಯ್ತು ಅಂತ ಹೇಳಿ, ಕೊಡ್ತೀನಿ."

ಅವರು ಹಲ್ಲು ಕಚ್ಚಿದರು. ನಾನು ಕಾದೆ. ಎಂಟು ತಿಂಗಳು ಕಾದವಳಿಗೆ ಇನ್ನೊಂದು ನಿಮಿಷ ಹೆಚ್ಚಲ್ಲ. ಕೊನೆಗೆ ಅವರು ಬಾಯೊಳಗೇ ಗೊಣಗಿದರು: "ಆವತ್ತು ಗುಂಡಿ ಬದಲಾಯಿಸಿದ್ದು ನಾನು. ಇವಳಿಗೆ ಹೇಳಿರ್ಲಿಲ್ಲ."

"ಯಜಮಾನ್ರಿಗೆ ಕೇಳಿಸ್ಲಿಲ್ಲ ಅಣ್ಣ."

ಎರಡನೇ ಸಲ ಹೇಳಿದ್ದು ವಾಲಗದವರಿಗೂ ಕೇಳಿಸಿತು. ನಮ್ಮೂರ ಡೈರಿಯ ಹೆಂಗಸರು ಇಬ್ಬರು ಮುಂದಿನ ಸಾಲಿನಲ್ಲೇ ಇದ್ದರು. ಅವರ ಮುಖವನ್ನೂ ಒಂದು ಸಲ ನೋಡಿಕೊಂಡೆ.

ಯಜಮಾನರು ನನ್ನ ಕ್ಯಾಮೆರಾದಲ್ಲಿ ಆರೂ ಚಿತ್ರ ನೋಡಿದರು. ಆಮೇಲೆ ತಲೆ ಎತ್ತಿ ನನ್ನನ್ನೇ ದಿಟ್ಟಿಸಿದರು. "ಇವನದು ಕೆಟ್ಟಿದ್ದು ನಿಂಗೆ ಮೊದಲೇ ಗೊತ್ತಿತ್ತೇನಮ್ಮಾ?"

"ಗೊತ್ತಿತ್ತು."

"ನಿಂದೂ ಕೆಟ್ಟಿದ್ರೆ ನನ್ ಮಗಳ ಗತಿ?"

"ಕೆಡ್ತಿರ್ಲಿಲ್ಲ" ಎಂದೆ.

ಅವರು ಕ್ಯಾಮೆರಾವನ್ನು ನನ್ನ ಕೈಗೆ ವಾಪಸು ಕೊಟ್ಟರು. "ಗಟ್ಟಿಗಿತ್ತಿ ನೀನು. ನಮ್ ಮನೇಲಿ ಹುಟ್ಲಿಲ್ಲ, ಬದುಕ್ಕೊಂಡೆ" ಎಂದರು. ಆಮೇಲೆ, "ಊಟಕ್ಕೆ ಕೂತ್ಕೋ ಹೋಗು" ಎಂದರು.

ಫೋಟೋದವರು ಕೊನೆಯ ಪಂಕ್ತಿಗೆ ಕೂರುವುದು ವಾಡಿಕೆ. ನಾನು ಕಾರ್ಡನ್ನು ಅಣ್ಣನ ಕೈಗಿಟ್ಟು ಮೊದಲನೆಯದಕ್ಕೇ ಕೂತೆ. ಎದುರಿನ ಬಾಗಿಲಲ್ಲಿ ಅಣ್ಣ ಬಗ್ಗಿ, ಲೈಟಿನ ವೈರನ್ನು ತಾವೇ ಸುತ್ತುತ್ತಿದ್ದುದು ಕಾಣುತ್ತಿತ್ತು. ಹೋಳಿಗೆ ಬಡಿಸುವವನು ಬಂದ. ಒಂದು ಸಾಕಾ ಎಂದ. ಎರಡು ಹಾಕಿಸಿಕೊಂಡೆ, ಮೇಲೆ ತುಪ್ಪ.